ವಿಭೂತಿ ಹಚ್ಚಿದ ಕಂಪ್ಯೂಟರ್

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನಲ್ಲಿ ಆಡಿಕೊಳ್ಳುತ್ತಿದ್ದರು. ಮದುವೆಯಾಗಿ ಜಹೀರಾಬಾದಿಗೆ ಬಂದ ಮೇಲೂ ಅದು ಅಲ್ಲಿಂದ ಕೆಳಗಿಳಿದಿಲ್ಲ. ಗಡಿಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತೇನೆ, ಅಲ್ಲಿ ಈ ಸಿಟ್ಟು ಒಂದಿಷ್ಟು ಉಪಯೋಗಕ್ಕೆ ಬರುತ್ತದೆ. ಬಸ್ಸಿನಲ್ಲಿ ಸೀಟಿನ ಜಗಳವಾದಾಗಲೂ ಬರುತ್ತದೆ. ಕನ್ನಡದಲ್ಲಿ ಶುರು ಮಾಡಿ, ತೆಲುಗಿನಲ್ಲಿ ಏರಿಸಿ, ಉರ್ದುವಿನಲ್ಲಿ ಮುಗಿಸುತ್ತೇನೆ. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು. ಈಗ ಆ ಹೆಮ್ಮೆ ಇಲ್ಲ. ಮನೆಯ ಕಂಪ್ಯೂಟರಿನ ಮುಂದೆ ಕೂತಾಗಲೆಲ್ಲ ಕಿವಿ ಬಿಸಿಯಾಗುತ್ತದೆ, ಬೆನ್ನ ಹಿಂದೆ ಅತ್ತೆ ನಿಂತಿದ್ದಾರೇನೋ ಎಂದು ತಿರುಗಿ ನೋಡುತ್ತೇನೆ.

ನಮ್ಮ ಮನೆಯಲ್ಲಿ ವಾರದ ದಿನಗಳಲ್ಲಿ ಇರುವವರು ನಾನು ಮತ್ತು ಅತ್ತೆ ಮಾತ್ರ. ನಮ್ಮವರು ತಾಂಡೂರಿನಲ್ಲಿ ಹಾಸುಗಲ್ಲಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ, ಶನಿವಾರ ಸಂಜೆ ಮೋಟರ್ ಸೈಕಲ್ ಮೇಲೆ ಬಂದು ಸೋಮವಾರ ನಸುಕಿಗೆ ಹೋಗುತ್ತಾರೆ. ಮಾವ ಈಗಿಲ್ಲ. ಅವರು ನಾರಾಯಣಖೇಡದ ಮಾರ್ಕೆಟ್ಟಿನಲ್ಲಿ ತೊಗರಿ, ಕಡಲೆ ವ್ಯಾಪಾರ ಮಾಡುತ್ತಿದ್ದವರು. ಅವರ ತಕ್ಕಡಿ ಇವತ್ತಿಗೂ ಅತ್ತೆಯ ಮಂಚದ ಕೆಳಗಿದೆ, ಯಾರೂ ಏನನ್ನೂ ತೂಗುವುದಿಲ್ಲ. ವರ್ಷಕ್ಕೊಮ್ಮೆ, ದಸರೆಯ ಹಿಂದಿನ ದಿನದ ಆಯುಧಪೂಜೆಗೆ, ನಮ್ಮ ಕಡೆಯ ಖಂಡೇಪೂಜೆಗೆ, ಅದು ಹೊರಗೆ ಬರುತ್ತದೆ.

ಖಂಡೇಪೂಜೆ ಎಂದರೆ ನಮ್ಮ ಮನೆಯಲ್ಲಿ ಅತ್ತೆಯ ಹಬ್ಬ. ಬೇರೆ ಹಬ್ಬಗಳಲ್ಲಿ ನನ್ನ ಕೈ ನಡೆಯುತ್ತದೆ, ಹೋಳಿಗೆಗೆ ಬೆಲ್ಲ ಎಷ್ಟು ಎನ್ನುವುದನ್ನೂ ನಾನೇ ಹೇಳುತ್ತೇನೆ. ಆ ದಿನ ಮಾತ್ರ ನಾನು ಅವರ ಹಿಂದೆ ತಟ್ಟೆ ಹಿಡಿದು ನಡೆಯುವವಳು. ದೇವರ ಮನೆಯ ವಿಭೂತಿಗಟ್ಟಿಯನ್ನು ಅಂಗೈಯಲ್ಲಿ ನೀರು ಹಾಕಿ ತೇಯ್ದು, ಮೂರು ಬೆರಳು ಅದ್ದಿ, ಮನೆಯಲ್ಲಿ ದುಡಿಯುವ ಪ್ರತಿಯೊಂದಕ್ಕೂ ಮೂರು ಗೆರೆ ಎಳೆಯುತ್ತಾರೆ. ಕುಡುಗೋಲು, ಈಳಿಗೆ, ಹೊಲಿಗೆ ಮಷಿನ್, ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ನಮ್ಮವರ ಮೋಟರ್ ಸೈಕಲ್ ಯಾವುದನ್ನೂ ಬಿಡುವುದಿಲ್ಲ. ಗ್ಯಾಸ್ ಸಿಲಿಂಡರಿಗೆ ಹಚ್ಚುವಾಗ ಅದರ ತಲೆ ಸವರಿ ಏನೋ ಗೊಣಗುತ್ತಾರೆ, ಸಿಡಿಯಬೇಡಪ್ಪ ಎಂದು ಬೇಡಿಕೊಳ್ಳುವುದಿರಬೇಕು.

ಅವರದೊಂದು ಕಟ್ಟುನಿಟ್ಟಿನ ನಿಯಮವಿದೆ. ಪೂಜೆಗೆ ಕೂಡಿಸುವ ಆಯುಧ ಪೂರ್ತಿಯಾಗಿರಬೇಕು. ತಕ್ಕಡಿ ಇಟ್ಟರೆ ತೂಕದ ಕಲ್ಲುಗಳೆಲ್ಲ ಅದರ ಪರಡಿಯಲ್ಲಿರಬೇಕು, ಹೊಲಿಗೆ ಮಷಿನ್ನಿಗೆ ಸೂಜಿ, ದಾರ ಪೋಣಿಸಿರಬೇಕು, ಮಿಕ್ಸರಿನ ಮೇಲೆ ಜಾರ್ ಕೂತಿರಬೇಕು. ಅರ್ಧ ಆಯುಧಕ್ಕೆ ಪೂಜೆ ಮಾಡಿದರೆ ವರ್ಷವೆಲ್ಲ ಅರ್ಧ ಕೆಲಸವಾಗುತ್ತದಂತೆ. ಪೂಜೆಯಾದ ಮೇಲೆ ಅವನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ದಸರೆಯ ಬೆಳಿಗ್ಗೆ ಪ್ರತಿಯೊಂದರಿಂದಲೂ ಒಂದಿಷ್ಟು ಕೆಲಸ ಮಾಡಿಸಿ ಎಬ್ಬಿಸಬೇಕು.

ಹೋದ ವರ್ಷ ಕಂಪ್ಯೂಟರಿಗೂ ಪೂಜೆಯಾಯಿತು. ಅದು ಹಳೆಯದು, ಮೇಜಿನ ಮೇಲೊಂದು ಪರದೆ, ಕೆಳಗೊಂದು ಡಬ್ಬಿ. ಗಡಿಯ ಕನ್ನಡ ಶಾಲೆಗಳ ಹತ್ತನೇ ತರಗತಿಯ ಮಕ್ಕಳಿಗೆ ಅಭ್ಯಾಸದ ಹಾಳೆಗಳನ್ನು ನಾನು ಅದರಲ್ಲೇ ಟೈಪ್ ಮಾಡುತ್ತೇನೆ. ಕನ್ನಡದಲ್ಲಿ ತಪ್ಪಿಲ್ಲದೆ ಟೈಪ್ ಮಾಡುವವರು ನಮ್ಮ ಕಡೆ ಕಡಿಮೆ, ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂದು, ಮನೆಯಲ್ಲಿ ನಾನು ಕಂಪ್ಯೂಟರಿನ ಶಾಣ್ಯಾಕಿ ಎನ್ನಿಸಿಕೊಂಡಿದ್ದೆ. ಅತ್ತೆ ನನ್ನ ಹಿಂದೆ ನಿಂತು, ಅಕ್ಷರಗಳು ಒಂದೊಂದಾಗಿ ಪರದೆಯ ಮೇಲೆ ಬೀಳುವುದನ್ನು ನೋಡುತ್ತಿದ್ದರು. ಓಣಿಯ ಹೆಂಗಸರಿಗೆ ತಮ್ಮ ಸೊಸೆ ನೂರಾರು ಮಕ್ಕಳಿಗೆ ಒಬ್ಬಳೇ ಪುಸ್ತಕ ಬರೆದುಕೊಡುತ್ತಾಳೆ ಎಂದು ಹೇಳುತ್ತಿದ್ದರು. ಪುಸ್ತಕವಲ್ಲ ಅತ್ತಿ, ಬರೇ ಹಾಳೆ ಎಂದು ನಾನು ತಿದ್ದಲಿಲ್ಲ.

ಆ ನವಮಿಯ ದಿನ ಡಬ್ಬಿಯ ಮುಂದೆ ಮಣೆ ಹಾಕಿಕೊಂಡು ಕೂತ ಅತ್ತೆ, ಇದಕ್ಕೆ ಸೇರಿದ್ದೆಲ್ಲ ಸೇರಿಸಿದ್ದೀಯಾ ಎಂದು ಕೇಳಿದರು. ನಾನು ತಮಾಷೆಗೆ ಇನ್ನೊಂದು ಉಳಿದಿದೆ ಎಂದು ಶಾಲೆಯ ಚೀಲದಿಂದ ಪೆನ್‌ಡ್ರೈವ್ ತೆಗೆದೆ. ಮುಂದಿನ ಎರಡೂ ತೂತುಗಳು ಕೆಟ್ಟಿದ್ದರಿಂದ ಡಬ್ಬಿಯ ಹಿಂದೆ ಕೈಹಾಕಿ ಸಿಕ್ಕಿಸಿದೆ. ಈಗ ಪೂರ್ತಿಯಾಯಿತು ಎಂದೆ. ಅತ್ತೆ ಖುಷಿಯಾಗಿ ಮೂರು ಗೆರೆ ಎಳೆದು, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಹಾಕಿದರು. ನಾನು ಯಾವತ್ತೂ ಕೆಲಸ ಮುಗಿದ ತಕ್ಷಣ ಪೆನ್‌ಡ್ರೈವ್ ಕಿತ್ತು ಚೀಲಕ್ಕೆ ಹಾಕಿಕೊಳ್ಳುವವಳು. ಅದು ರಾತ್ರಿಯಿಡೀ ಕಂಪ್ಯೂಟರಿನಲ್ಲೇ ಉಳಿದದ್ದು ಆವತ್ತೇ ಮೊದಲು.

ದಸರೆಯ ಬೆಳಿಗ್ಗೆ ಮನೆ ತುಂಬಿತ್ತು. ನಮ್ಮವರ ಅಕ್ಕ ನಾರಾಯಣಖೇಡದಿಂದ ಬಂದಿದ್ದರು, ಎದುರುಮನೆಯ ಹೆಂಗಸರಿಬ್ಬರು ಚಹಾಕ್ಕೆ ಕೂತಿದ್ದರು. ಅತ್ತೆ ಮಿಕ್ಸರಿನಲ್ಲಿ ಒಂದು ಹಿಡಿ ಶೇಂಗಾ ತಿರುವಿದರು, ಈಳಿಗೆಯಲ್ಲಿ ಬದನೆಕಾಯಿ ಹೆಚ್ಚಿದರು, ಆಮೇಲೆ ಎಲ್ಲರನ್ನೂ ಕಂಪ್ಯೂಟರಿನ ಕೋಣೆಗೆ ಕರೆದರು. ಸೊಸೆ ಕನ್ನಡದಲ್ಲಿ ಶಿವನ ಹೆಸರು ಬರೆದು ಎಬ್ಬಿಸುವುದನ್ನು ಎಲ್ಲರೂ ನೋಡಬೇಕಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಎರಡು ಸಾಲು ಬಿಳಿ ಅಕ್ಷರ ಮೂಡಿ ಅಲ್ಲೇ ನಿಂತುಬಿಟ್ಟವು. ಡಿಸ್ಕ್ ಏನಾದರೂ ಇದ್ದರೆ ತೆಗೆಯಿರಿ, ಮತ್ತೆ ಶುರು ಮಾಡಲು ಯಾವುದಾದರೂ ಕೀ ಒತ್ತಿ ಎಂದಿತ್ತು.

ನಾನು ಕೀ ಒತ್ತಿದೆ. ಅದೇ ಸಾಲುಗಳು ಬಂದವು. ಸಿ.ಡಿ. ಹಾಕುವ ಬಾಯಿ ತೆರೆದು ನೋಡಿದೆ, ಖಾಲಿ ಇತ್ತು. ಆರಿಸಿ ಹಚ್ಚಿದೆ, ವೈರು ಕಿತ್ತು ಸಿಕ್ಕಿಸಿದೆ. ಹಿಂದೆ ಬಳೆಗಳ ಸದ್ದು, ಪಿಸುಮಾತು. ಅಕ್ಕ ತಮ್ಮ ಮನೆಯ ಟಿ.ವಿ. ಕೆಟ್ಟ ಕಥೆ ಶುರು ಮಾಡಿದರು. ಎಲ್ಲರೆದುರು ನನ್ನ ಶಾಣ್ಯಾತನ ನೀರುಪಾಲಾಗುತ್ತಿತ್ತು. ಅಷ್ಟರಲ್ಲಿ ಡಬ್ಬಿಯ ನೆತ್ತಿಯ ಮೇಲಿನ ಮೂರು ಬಿಳಿ ಗೆರೆ ಕಣ್ಣಿಗೆ ಬಿದ್ದವು. ಗಾಳಿಯಾಡಲೆಂದು ಬಿಟ್ಟಿದ್ದ ಸಣ್ಣ ಸಂದುಗಳ ಮೇಲೆಯೇ ಅವು ಹಾದುಹೋಗಿದ್ದವು.

"ಕಂಡಿದ್ದಕ್ಕೆಲ್ಲ ಬೂದಿ ಬಡೀತೀರಿ," ಎಂದೆ. "ಇದೇನು ಬೀಸುಕಲ್ಲೇನ್ರಿ? ನೀರು ಒಳಗ ಹೋಗಿ ಸತ್ತದ ನೋಡ್ರಿ."

ಬೂದಿ ಎಂದೆ. ದಿನಾ ಮೂರು ಹೊತ್ತು ಹಣೆಗೆ ವಿಭೂತಿ ಧರಿಸಿ ಲಿಂಗಪೂಜೆ ಮಾಡುವ ಹೆಣ್ಣುಮಗಳೆದುರು, ಅವರ ಮಗಳ ಮುಂದೆ, ಓಣಿಯವರ ಮುಂದೆ ಆ ಮಾತು ಆಡಿದೆ. ಅತ್ತೆ ನನ್ನನ್ನು ನೋಡಲಿಲ್ಲ. ಬಗ್ಗಿ, ಸೆರಗಿನ ತುದಿಯಿಂದ ಡಬ್ಬಿಯ ಮೇಲಿನ ಗೆರೆಗಳನ್ನು ಒರೆಸತೊಡಗಿದರು. ಸಂದಿನಲ್ಲಿ ಸೇರಿದ್ದು ಬರಲಿಲ್ಲ, ಉಗುರಿನಿಂದ ಕೆರೆದರು.

"ನನಗ ತಿಳೀಲಿಲ್ಲವ್ವ. ತಪ್ಪಾತು," ಎಂದರು.

ಅಕ್ಕ ಎದ್ದು ಒಳಗೆ ಹೋದರು, ಎದುರುಮನೆಯವರು ಚಹಾದ ಕಪ್ಪು ಅಲ್ಲೇ ಇಟ್ಟು ಹೊರಟರು. ತಪ್ಪು ಅತ್ತೆಯದೇ ಎಂದು ನಾನು ನಂಬಿದ್ದೆ, ಮಾತು ಸ್ವಲ್ಪ ಜಾಸ್ತಿಯಾಯಿತು ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ. ಸಂಜೆ ಬನ್ನಿ ಮುಡಿಯುವ ಹೊತ್ತಿಗೆ ಎಲ್ಲರಂತೆ ನಾನೂ ಅತ್ತೆಯ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬಿದ್ದೆ. ಅವರು ನನ್ನ ತಲೆ ಮುಟ್ಟಿ, ಬನ್ನಿ ತಗೊಂಡು ಬಂಗಾರದಂಗ ಇರವ್ವ ಎಂದರು. ದನಿಯಲ್ಲಿ ಕೊಂಕೇನೂ ಇರಲಿಲ್ಲ. ಅದೇ ಕಷ್ಟವಾಯಿತು.

ಅಭ್ಯಾಸದ ಹಾಳೆಗಳನ್ನು ರಜೆ ಮುಗಿಯುವುದರೊಳಗೆ ಕೊಡಬೇಕಿತ್ತು, ಅವೆಲ್ಲ ಸತ್ತ ಡಬ್ಬಿಯೊಳಗಿದ್ದವು. ಪೆನ್‌ಡ್ರೈವಿನಲ್ಲಿದ್ದದ್ದು ಹಿಂದಿನ ವರ್ಷದವು ಮಾತ್ರ. ಮೊಬೈಲಿನಲ್ಲಿ ವೀಡಿಯೊಗಳನ್ನು ನೋಡಿದೆ. ತೆಲುಗಿನ ಒಬ್ಬ, ಹಿಂದಿಯ ಒಬ್ಬ, ಇಬ್ಬರೂ ವಿಂಡೋಸ್ ಹೊಸದಾಗಿ ಹಾಕಿರಿ ಎಂದರು. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಬೇರೊಂದು ಪೆನ್‌ಡ್ರೈವಿಗೆ ಅದನ್ನು ಹಾಕಿಸಿಕೊಂಡು ಬಂದೆ. ಡಬ್ಬಿಯ ಹಿಂದೆ ಕೈಹಾಕಿ, ಅಲ್ಲಿದ್ದ ನನ್ನದನ್ನು ಕಿತ್ತು ಬದಿಗಿಟ್ಟು, ಹೊಸದನ್ನು ಸಿಕ್ಕಿಸಿದೆ. ಯಂತ್ರ ನೇರವಾಗಿ ಅದರಿಂದಲೇ ಶುರುವಾಯಿತು. ನಮ್ಮ ಕಂಪ್ಯೂಟರ್ ಮೊದಲು ಪೆನ್‌ಡ್ರೈವನ್ನೇ ನೋಡುತ್ತದೆ, ಆಮೇಲೆ ತನ್ನೊಳಗೆ ನೋಡಿಕೊಳ್ಳುತ್ತದೆ, ಹಾಗಾಗಿ ಕೆಲಸ ಸಲೀಸಾಯಿತು ಎಂದು ಹಿಗ್ಗಿದೆ. ಕಾರಣವನ್ನು ನನ್ನ ಬಾಯಿಂದಲೇ ಹೇಳಿಕೊಂಡೆ, ನನ್ನ ಕಿವಿಗೇ ಅದು ಕೇಳಲಿಲ್ಲ.

ಹೊಸ ವಿಂಡೋಸ್ ಬಂತು, ಹೊಸ ಹೆಸರಿನಲ್ಲಿ ಒಳಗೆ ಹೋದೆ. ಹಳೆಯ ಫೈಲುಗಳು ಅಳಿದಿರಲಿಲ್ಲ, ಬೇರೊಂದು ಫೋಲ್ಡರಿನಲ್ಲಿ ಕಟ್ಟಿಟ್ಟಿತ್ತು. ಅದನ್ನು ತೆರೆಯಲು ಹೋದರೆ ನಿಮಗೆ ಅನುಮತಿ ಇಲ್ಲ ಎಂದಿತು. ಹಳೆಯ ಖಾತೆಯಲ್ಲಿದ್ದವಳೂ ನಾನೇ, ಹೊಸ ಖಾತೆಯಲ್ಲಿರುವವಳೂ ನಾನೇ, ಆದರೆ ಯಂತ್ರಕ್ಕೆ ನಾವಿಬ್ಬರೂ ಬೇರೆ. ತಾಂಡೂರಿಗೆ ಫೋನ್ ಮಾಡಿ ನಮ್ಮವರ ಮೇಲೆ ಕೂಗಾಡಿದೆ. ಪಾಪ, ಅವರಿಗೇನು ಗೊತ್ತು, ಕಲ್ಲು ಪಾಲಿಷ್ ಮಾಡುವ ಗದ್ದಲದ ನಡುವೆ ಹೂಂ ಹೂಂ ಎಂದರು.

ಅದನ್ನು ಬಿಡಿಸಲು ಇಡೀ ಮಧ್ಯಾಹ್ನ ಹಿಡಿಯಿತು. ಫೋಲ್ಡರಿನ ಗುಣಗಳ ಪುಟಕ್ಕೆ ಹೋಗಿ, ಭದ್ರತೆಯ ಭಾಗ ತೆರೆದು, ಒಡೆಯ ಯಾರು ಎಂದಿದ್ದಲ್ಲಿ ಹೊಸ ಖಾತೆಯ ಹೆಸರು ಹಾಕಿ, ಒಳಗಿರುವ ಎಲ್ಲಕ್ಕೂ ಇದೇ ಎಂದು ಗುರುತು ಹಾಕಬೇಕು. ನಾನು ಆ ಗುರುತು ಹಾಕುವುದನ್ನು ಮರೆತು, ಹೊರಗಿನ ಬಾಗಿಲು ತೆರೆದು ಒಳಗಿನದಕ್ಕೆ ಮತ್ತೆ ಅಡ್ಡಿ ಎನ್ನಿಸಿಕೊಂಡು, ಮತ್ತೆ ಮೊದಲಿನಿಂದ ಮಾಡಿದೆ. ಈ ನಡುವೆ ಅತ್ತೆ ಚಹಾ ತಂದರು. ಮೊದಲಾಗಿದ್ದರೆ ಮೇಜಿನ ಮೇಲಿಟ್ಟು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಆವತ್ತು ಕಪ್ಪನ್ನು ಹೊಸ್ತಿಲ ಆಚೆ ಕಿಟಕಿಯ ಕಟ್ಟೆಯ ಮೇಲಿಟ್ಟು, ತಗೋ ಎಂದು ಹೇಳಿ ಹೋದರು. ಒಳಗೆ ಕಾಲಿಡಲಿಲ್ಲ.

ಹಾಳೆಗಳು ಸಿಕ್ಕವು. ಮತ್ತೆ ಕಳೆದುಹೋದಾವು ಎಂಬ ಹೆದರಿಕೆಗೆ ಎಲ್ಲವನ್ನೂ ನನ್ನ ಪೆನ್‌ಡ್ರೈವಿಗೆ ಹಾಕಿದೆ, ದಣಿದಿದ್ದರಿಂದ ಅದನ್ನು ಕೀಳದೆ ಯಂತ್ರ ಆರಿಸಿ ಎದ್ದೆ. ಬೆಳಿಗ್ಗೆ ಗುಂಡಿ ಒತ್ತಿದರೆ ಅದೇ ಕಪ್ಪು ಪರದೆ, ಅದೇ ಎರಡು ಸಾಲು. ಈ ಸಲ ಡಬ್ಬಿಯ ಮೇಲೆ ವಿಭೂತಿ ಇರಲಿಲ್ಲ, ನೀರಿರಲಿಲ್ಲ, ಅತ್ತೆ ಆ ಕೋಣೆಗೆ ಬಂದೇ ಇರಲಿಲ್ಲ. ಬಯ್ಯಲು ಯಾರೂ ಇಲ್ಲದ್ದರಿಂದಲೋ ಏನೋ, ಆ ಸಾಲುಗಳನ್ನು ಮೊದಲ ಸಲ ಪೂರ್ತಿ ಓದಿದೆ. ಡಿಸ್ಕ್ ಅಥವಾ ಅಂಥ ಬೇರೇನಾದರೂ ಇದ್ದರೆ ತೆಗೆಯಿರಿ ಎಂದಿತ್ತು. ಡಬ್ಬಿಯ ಹಿಂದೆ ಕೈಹಾಕಿ ಪೆನ್‌ಡ್ರೈವ್ ಕಿತ್ತು ಕೀ ಒತ್ತಿದೆ. ಯಂತ್ರ ಶುರುವಾಯಿತು.

ಅದು ಶುರುವಾದ ಸದ್ದು ಕೇಳಿ ನನಗೆ ಅಳು ಬಂತು. ನಾಚಿಕೆ ಎಂದರೆ ಏನೆಂದು ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ. ಪೆನ್‌ಡ್ರೈವಿನಲ್ಲಿ ಇಲ್ಲದ ವಿಂಡೋಸನ್ನು ಅದರಲ್ಲೇ ಹುಡುಕಿ ಯಂತ್ರ ನಿಂತುಬಿಟ್ಟಿತ್ತು. ಅದನ್ನು ಸಿಕ್ಕಿಸಿದ್ದು ನಾನು. ಯಂತ್ರ ಅದನ್ನೇ ಇಂಗ್ಲಿಷಿನಲ್ಲಿ ಬರೆದು ತೋರಿಸಿತ್ತು, ಓದಲು ಬರುವವಳು ಆ ಕೋಣೆಯಲ್ಲಿ ನಾನೇ ಆಗಿದ್ದೆ.

ಎದ್ದು ಅಡಿಗೆಮನೆಗೆ ಹೋದೆ. ಅತ್ತೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ತಪ್ಪು ನಿಮ್ಮದಲ್ಲ, ನನ್ನದು, ನಿಮ್ಮ ವಿಭೂತಿಯಿಂದ ಏನೂ ಆಗಿಲ್ಲ ಎಂದು ಹೇಳಿ ಎಲ್ಲವನ್ನೂ ವಿವರಿಸಿದೆ. ಅವರು ರೊಟ್ಟಿ ತಿರುವಿ ಹಾಕುತ್ತಲೇ ಕೇಳಿಸಿಕೊಂಡರು. ಹೌದೇನು, ಆತು ಬಿಡು ಎಂದರು. ನನ್ನ ಎದೆಯ ಭಾರ ಇಳಿಯಿತೆಂದು ನಾನು ಶಾಲೆಯ ಬಸ್ಸು ಹಿಡಿದೆ.

ಅವರ ಭಾರ ಇಳಿದಿರಲಿಲ್ಲ. ಅದು ನನಗೆ ತಡವಾಗಿ ಕಾಣತೊಡಗಿತು. ಓಣಿಯವರು ಕಂಪ್ಯೂಟರ್ ರಿಪೇರಿಯಾಯಿತೇ ಎಂದು ಕೇಳಿದರೆ ಅತ್ತೆ, ನನ್ನ ಕೈಲಿಂದ ಖರಾಬ್ ಆಗಿತ್ತು, ಪಾಪ ಸೊಸಿ ಬರೋಬ್ಬರಿ ಮಾಡ್ಯಾಳ ಎನ್ನುತ್ತಿದ್ದರು. ನಾನು ಒಳಗಿನಿಂದ ಕೇಳಿಸಿಕೊಂಡು, ಹೊರಗೆ ಹೋಗಿ ಹಾಗಲ್ಲ ಎನ್ನಬೇಕೆಂದುಕೊಂಡು, ಹೋಗಲಿಲ್ಲ. ಅತ್ತೆಗೆ ಹೇಳಿ ಆಗಿದೆಯಲ್ಲ, ಮಂದಿಗೇಕೆ ಎಂದುಕೊಂಡೆ. ಹೊಸ ಫ್ರಿಜ್ ಬಂದ ದಿನ ಅತ್ತೆ ಅದಕ್ಕೆ ವಿಭೂತಿ ಹಚ್ಚಲಿಲ್ಲ, ದೂರದಿಂದ ಕೈಮುಗಿದರು. ಮೊಬೈಲಿನಲ್ಲಿ ಅವರ ಮಗಳ ಮುಖ ತೋರಿಸಲು ಹೋದರೆ ಕೈಗೆ ತೆಗೆದುಕೊಳ್ಳದೆ, ನೀನೇ ಹಿಡಿ, ನನ್ನ ಕೈ ಬೇಡ ಎಂದರು. ಸೋಮವಾರ ನಸುಕಿಗೆ ಮಗ ತಾಂಡೂರಿಗೆ ಹೊರಡುವಾಗ ಮೋಟರ್ ಸೈಕಲ್ಲಿನ ಹಣೆಗೆ ಎಳೆಯುತ್ತಿದ್ದ ಗೆರೆಯೂ ನಿಂತುಹೋಯಿತು. ನಮ್ಮವರು ಕೇಳಿದಾಗ ಅತ್ತೆ ಮರೆತೆ ಎಂದರಂತೆ. ಮರೆಯುವ ಹೆಂಗಸಲ್ಲ ಅವರು.

ಈ ವರ್ಷ ಮತ್ತೆ ಖಂಡೇಪೂಜೆ ಬಂತು. ನಮ್ಮವರ ಅಕ್ಕ ಹಿಂದಿನ ದಿನವೇ ಬಂದಿದ್ದರು. ನಡುಮನೆಯಲ್ಲಿ ಎದುರುಮನೆಯವರೊಂದಿಗೆ ಮಾತು ನಡೆದಿತ್ತು. ಅತ್ತೆ ತಕ್ಕಡಿ ಹೊರತೆಗೆದು ತೊಳೆದು ಇಟ್ಟರು, ಕಲ್ಲುಗಳನ್ನು ಪರಡಿಗೆ ಹಾಕಿದರು, ಕುಡುಗೋಲಿಗೂ ಈಳಿಗೆಗೂ ಗೆರೆ ಎಳೆದರು. ಕರೆಂಟಿನಿಂದ ನಡೆಯುವ ಯಾವುದನ್ನೂ ಮುಟ್ಟಲಿಲ್ಲ. ಕಂಪ್ಯೂಟರಿನ ಕೋಣೆಯ ಬಾಗಿಲಿಗೆ ಬಂದು ನಿಂತು, ವಿಭೂತಿಯ ಬಟ್ಟಲನ್ನು ನನ್ನ ಕಡೆ ಚಾಚಿದರು. ನೀನೇ ಹಚ್ಚು, ಎಲ್ಲಿ ಹಚ್ಚಬೇಕು ಎಲ್ಲಿ ಹಚ್ಚಬಾರದು ನಿನಗೆ ತಿಳಿಯುತ್ತದೆ ಎಂದರು.

ನನಗೆ ತಡೆಯಲಾಗಲಿಲ್ಲ. ಅವರ ಕೈಹಿಡಿದು ಒಳಗೆ ಕರೆತಂದು ಕುರ್ಚಿಯ ಮೇಲೆ ಕೂಡಿಸಿದೆ. ಪೆನ್‌ಡ್ರೈವ್ ತೋರಿಸಿದೆ, ಡಬ್ಬಿಯ ಹಿಂದೆ ಸಿಕ್ಕಿಸಿ ಗುಂಡಿ ಒತ್ತಿದೆ. ಕಪ್ಪು ಪರದೆ ಬಂತು. ಹೋದ ವರ್ಷ ಬಂದದ್ದು ಇದೇ ನೋಡ್ರಿ ಎಂದೆ. ಕಿತ್ತು ಮತ್ತೆ ಹಚ್ಚಿದೆ, ಯಂತ್ರ ಶುರುವಾಯಿತು. ನೀವು ನಂಬಲಿಲ್ಲವಲ್ಲ, ನಿಮ್ಮ ಸಮಾಧಾನಕ್ಕೆ ಹೇಳಿದೆ ಅಂದುಕೊಂಡಿರಿ, ಈಗ ಕಣ್ಣಾರೆ ನೋಡ್ರಿ, ನಿಮ್ಮ ಕೈಯದೇನೂ ತಪ್ಪಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಅತ್ತೆ ವಿಭೂತಿಯ ಬಟ್ಟಲನ್ನು ಮೇಜಿನ ಮೇಲಿಟ್ಟರು.

"ನಂಬಲಿಲ್ಲಂತ ಯಾರು ಹೇಳಿದ್ರು," ಎಂದರು. "ಆವತ್ತೇ ನಂಬೀನಿ. ಆದ್ರ ಬೈಯುವಾಗ ಎಲ್ಲಾರ ಮುಂದ ಬೈದಿ. ಹೇಳುವಾಗ ಅಡಿಗಿ ಮನ್ಯಾಗ ಹೇಳಿದಿ."

ಅಷ್ಟೇ ಹೇಳಿದ್ದು. ಅದರಲ್ಲಿ ಸಿಟ್ಟಿರಲಿಲ್ಲ, ದೂರು ಕೂಡ ಇರಲಿಲ್ಲ, ಉಪ್ಪು ಕಡಿಮೆಯಾಗಿದೆ ಎಂದು ಹೇಳುವಷ್ಟೇ ಸರಳವಾಗಿ ಹೇಳಿದರು. ನಾನು ನಿಂತಲ್ಲೇ ಕುಗ್ಗಿಹೋದೆ. ಒಂದು ವರ್ಷ ಅವರು ನಂಬಲಿಲ್ಲ ಎಂದುಕೊಂಡು ನನ್ನ ಮೇಲೆ ನಾನೇ ಕನಿಕರಪಟ್ಟುಕೊಂಡಿದ್ದೆ. ನಾನು ಹೊರಗೆ ಹೋಗಿ ನಾಲ್ಕು ಜನರ ಮುಂದೆ ಒಂದು ಮಾತು ಹೇಳಲಿ ಎಂದು ಅವರು ಕಾದಿದ್ದರು. ಕೇಳಿ ಪಡೆಯುವವರಲ್ಲ, ಆದ್ದರಿಂದ ತಪ್ಪನ್ನು ತಾವೇ ಹೊತ್ತುಕೊಂಡು ಓಡಾಡಿದ್ದರು.

ನಡುಮನೆಗೆ ಹೋಗಿ ಎಲ್ಲರನ್ನೂ ಕರೆದೆ. ಅಕ್ಕ ಬಂದರು, ಎದುರುಮನೆಯವರು ಬಂದರು, ನಮ್ಮವರೂ ಬಂದು ಬಾಗಿಲಿಗೆ ಒರಗಿ ನಿಂತರು. ಬಸ್ಸಿನಲ್ಲಿ ಮೂರು ಭಾಷೆಯಲ್ಲಿ ಜಗಳವಾಡುವ ನನಗೆ ಒಂದು ಭಾಷೆಯೂ ಸರಿಯಾಗಿ ಬರಲಿಲ್ಲ. ತೊದಲುತ್ತ, ಹೋದ ವರ್ಷ ಕಂಪ್ಯೂಟರ್ ನಿಲ್ಲಲು ಕಾರಣ ನಾನು, ಅತ್ತೆಯಲ್ಲ ಎಂದೆ. ವಿಭೂತಿಗೆ ಬೂದಿ ಎಂದದ್ದು ನನ್ನ ಸೊಕ್ಕು ಎಂದೆ. ಪೆನ್‌ಡ್ರೈವ್ ಸಿಕ್ಕಿಸಿ ಅವರಿಗೂ ಕಪ್ಪು ಪರದೆ ತೋರಿಸಿದೆ. ಎದುರುಮನೆಯವರು ನಕ್ಕರು, ವರ್ಷದ ಹಿಂದಿನ ಮಾತು ಯಾರಿಗೆ ನೆನಪಿರುತ್ತದೆ ಬಿಡ್ರಿ ಎಂದರು. ಅಕ್ಕ ಮಾತ್ರ ನಗಲಿಲ್ಲ, ತಾಯಿಯ ಮುಖ ನೋಡಿದರು. ಅಕ್ಕನಿಗೆ ನೆನಪಿತ್ತು.

ಅತ್ತೆ ಕುರ್ಚಿಯಿಂದೆದ್ದು ಡಬ್ಬಿಯ ಮುಂದೆ ಮಣೆ ಎಳೆದುಕೊಂಡು ಕೂತರು. ವಿಭೂತಿಯನ್ನು ಅಂಗೈಗೆ ಹಾಕಿಕೊಂಡು ನೀರಿನ ಹನಿ ಬಿಟ್ಟು ತೇಯ್ದರು. ಮೂರು ಬೆರಳು ಅದ್ದಿದವರು, ಹಚ್ಚುವ ಮೊದಲು ತಲೆಯೆತ್ತಿ ನನ್ನನ್ನು ನೋಡಿದರು.

"ಹಿಂದಿಂದು ತಗದೀ ಇಲ್ಲೋ?" ಎಂದು ಕೇಳಿದರು.

ನಾನು ತೆಗೆದಿರಲಿಲ್ಲ. ಎಲ್ಲರೂ ನೋಡುತ್ತಿರುವಾಗಲೇ ಬಗ್ಗಿ, ಡಬ್ಬಿಯ ಹಿಂದೆ ಕೈಹಾಕಿ ತೆಗೆದೆ.